ಒಳಗಡೆ ಸವೆದ ಟೈರು

ನಿಮ್ಮ ಹಳೆಯ ಚಪ್ಪಲಿಯನ್ನು ಒಮ್ಮೆ ತಿರುವಿ ನೋಡಿ. ಅಡಿ ಎಲ್ಲ ಕಡೆ ಒಂದೇ ಸಮ ಸವೆದಿದೆಯೇ? ಇಲ್ಲ. ಕೆಲವರದು ಹಿಮ್ಮಡಿಯ ಹೊರಗಡೆ ಸವೆದಿರುತ್ತದೆ. ಕೆಲವರದು ಒಳಗಡೆ. ಹೆಬ್ಬೆರಳಿನ ಕೆಳಗೆ ತೂತು ಬಿದ್ದವರೂ ಇದ್ದಾರೆ. ಚಪ್ಪಲಿ ಹೊಲಿಯುವವರು ಅಡಿ ನೋಡಿಯೇ ನಮ್ಮ ನಡಿಗೆ ಹೇಳಿಬಿಡುತ್ತಾರೆ. "ನೀವು ಕಾಲು ಎಳ್ಕೊಂಡು ನಡೀತೀರಾ ಅಕ್ಕ" ಅನ್ನುತ್ತಾರೆ. ಹೊಸ ಚಪ್ಪಲಿ ತಂದರೂ ಅಷ್ಟೇ. ನಡಿಗೆ ಅದೇ ಇದ್ದರೆ ಹೊಸದೂ ಅದೇ ಜಾಗದಲ್ಲಿ ಸವೆಯುತ್ತದೆ.

ಕಾರಿನ ಟೈರೂ ಹಾಗೆಯೇ. ಎಲ್ಲಿ ಸವೆದಿದೆ ಎಂದು ನೋಡಿದರೆ ಏಕೆ ಸವೆಯಿತು ಎಂದು ತಿಳಿಯುತ್ತದೆ.

"ನಮ್ಮನೇಲಿ ಕಾರೆಲ್ಲಿದೆ, ನಮಗ್ಯಾಕೆ ಈ ಪಾಠ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಯೋಚಿಸಿ. ಈಗ ಎಷ್ಟೋ ಮನೆಗಳು ಒಂದು ಬಾಡಿಗೆ ಕಾರಿನ ಮೇಲೆ ನಿಂತಿವೆ. ಕಾರು ಓಡಿಸುವವನು ಮಗ ಅಥವಾ ಗಂಡ. ಸಾಲ ಇರುವುದು ಹೆಂಗಸರ ಸಂಘದಲ್ಲಿ. ಟೈರು ಹೋದರೆ ಅಡವಿಗೆ ಹೋಗುವುದು ನಮ್ಮ ಕಿವಿಯ ಓಲೆ. ಮದುವೆಗೆ, ಹೆರಿಗೆಗೆ, ಧರ್ಮಸ್ಥಳಕ್ಕೆ ಅಂತ ಆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೂರುವವರೂ ನಾವೇ. ನಾವು ಕೂರುವ ಸೀಟಿನ ಎರಡು ಪಕ್ಕದಲ್ಲೇ ಹಿಂದಿನ ಟೈರುಗಳು ಇವೆ.

ತಗ್ಗಿಸಿದ ಕಾರು

ಒಂದು ಮನೆಯ ಮಾತು ಹೇಳುತ್ತೇವೆ. ಇಂಥ ಮನೆ ನಿಮ್ಮ ಊರಿನಲ್ಲೂ ಇದ್ದೀತು. ತಾಯಿ, ಮಗ ಇಬ್ಬರೇ. ಮಗ ಒಂದು ಹಳೆಯ ಇಂಡಿಕಾ ಕಾರು ಕೊಂಡ. ಇಂಡಿಕಾ ಕಾರು 1998ರಲ್ಲಿ ಬಂತು. ಡೀಸೆಲ್ ಕಾರು, ಒಳಗೆ ಜಾಗ ಹೆಚ್ಚು ಎಂದು ಬಾಡಿಗೆಗೆ ಓಡಿಸುವವರು ಬಹಳ ಮಂದಿ ಅದನ್ನೇ ಕೊಂಡರು. 2018ರಲ್ಲಿ ಅದರ ತಯಾರಿಕೆ ನಿಂತಿತು.

ಮಗನಿಗೆ ಸ್ನೇಹಿತರು ಹೇಳಿದರು: "ಕಾರು ತಗ್ಗಿಸು, ನೆಲಕ್ಕೆ ಅಂಟಿಕೊಂಡ ಹಾಗೆ ಓಡುತ್ತೆ, ಸಕತ್ತಾಗಿ ಕಾಣುತ್ತೆ." ಅವನು ಪೇಟೆಗೆ ಹೋಗಿ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿಸಿಕೊಂಡು ಬಂದ. ಕಾರು ಕುಳ್ಳಗಾಯಿತು. ಕೆಲವೇ ದಿನದಲ್ಲಿ ಹಿಂದಿನ ಟೈರು ಎರಡೂ ಹೋದವು. ತಾಯಿ ಸಂಘದಲ್ಲಿ 8,000 ರೂಪಾಯಿ ಸಾಲ ತೆಗೆದು ಹೊಸ ಟೈರು ಹಾಕಿಸಿದಳು. ಮೂರು ತಿಂಗಳು ತುಂಬಲಿಲ್ಲ. ಒಂದು ಬೆಳಗ್ಗೆ ಕಾರು ತೊಳೆಯುವಾಗ ಬಟ್ಟೆ ಟೈರಿಗೆ ಸಿಕ್ಕಿಕೊಂಡಿತು. ಎಳೆದಳು, ಹರಿಯಿತು. ಬಗ್ಗಿ ನೋಡಿದರೆ ಟೈರಿನ ಒಳಮಗ್ಗುಲಲ್ಲಿ ಕೂದಲಿನಂಥ ತಂತಿ!

ತಾಯಿ: ಲೋ ಮಗಾ, ಇಲ್ಲಿ ಬಾರೋ. ಇದೇನಿದು ತಂತಿ?

ಮಗ: ಏನಿಲ್ಲ ಕಣವ್ವ. ಟೈರು ಹೊಸದು. ನೋಡು, ಬಟನ್ ಎಷ್ಟು ಚೆನ್ನಾಗಿದೆ.

ತಾಯಿ: ನೀನು ನೋಡ್ತಿರೋದು ಹೊರಗಡೆ. ನಾನು ಹೇಳ್ತಿರೋದು ಒಳಗಡೆ. ಬಗ್ಗು.

ಮಗ ಬಗ್ಗಿದ. ಮಾತಾಡಲಿಲ್ಲ.

ಟೈರಿನ ರಬ್ಬರಿನ ಕೆಳಗೆ ಸಣ್ಣ ಉಕ್ಕಿನ ತಂತಿಗಳ ಪದರ ಇರುತ್ತದೆ. ಆ ತಂತಿ ಹೊರಗೆ ಕಂಡರೆ ಟೈರಿನ ಆಯಸ್ಸು ಮುಗಿಯಿತು ಎಂದೇ ಅರ್ಥ. ಅದು ಇನ್ನೂ ನೂರು ಕಿಲೋಮೀಟರ್ ಓಡಬಹುದು, ಮುಂದಿನ ತಿರುವಿನಲ್ಲೇ ಸಿಡಿಯಬಹುದು. ಬಿಸಿಲಿನಲ್ಲಿ, ಹೊರೆ ತುಂಬಿಕೊಂಡು, ಜೋರಾಗಿ ಹೋಗುವಾಗ ಟೈರು ಕಾಯುತ್ತದೆ. ಆಗ ಸಿಡಿಯುವ ಭಯ ಹೆಚ್ಚು. ಹಿಂದಿನ ಟೈರು ಸಿಡಿದರೆ ಕಾರಿನ ಹಿಂಭಾಗ ಬೀಸಿ ಕಾರು ಗಿರಕಿ ಹೊಡೆಯುತ್ತದೆ. ಸ್ಟೇರಿಂಗು ಹಿಡಿದವನ ಕೈಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಟೈರಿನ ಹೊರಮಗ್ಗುಲು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಒಳಮಗ್ಗುಲು ಕಾರಿನ ಕೆಳಗಿನ ಕತ್ತಲೆಯಲ್ಲಿ ಇರುತ್ತದೆ. ತಗ್ಗಿಸಿದ ಕಾರಿನಲ್ಲಿ ಅಲ್ಲಿಗೆ ತಲೆಯೂ ತೂರುವುದಿಲ್ಲ. ಅದಕ್ಕೇ ಕೈ ಹಾಕಿ ನೋಡಬೇಕು.

ಪೊರಕೆ ಕಡ್ಡಿಯ ಅಳತೆ

ಮೊದಲು ಕಾರನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಲು ಹೇಳಿ. ಎಂಜಿನ್ ಆರಿಸಿ, ಕೈ ಬ್ರೇಕು ಹಾಕಿಸಿ. ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಈಗ ತಾನೇ ಓಡಿ ಬಂದ ಕಾರಾದರೆ ಅರ್ಧ ಗಂಟೆ ಬಿಡಿ, ಟೈರು ಸುಡುತ್ತಿರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಜಾಕ್ ಜಾರಿ ಸತ್ತವರಿದ್ದಾರೆ.

ಟೈರಿನ ಮೇಲಿನ ಉಬ್ಬುಗಳಿಗೆ ಬಟನ್ ಅನ್ನುತ್ತಾರೆ. ಬಟನ್ನುಗಳ ನಡುವೆ ಸುತ್ತಲೂ ಕಾಲುವೆ ಇರುತ್ತದೆ. ಮಳೆಯಲ್ಲಿ ನೀರು ಈ ಕಾಲುವೆಯಲ್ಲಿ ಹರಿದು ಹೋಗುತ್ತದೆ. ಇಲ್ಲದಿದ್ದರೆ ಟೈರು ನೀರಿನ ಮೇಲೆ ತೇಲಿ ಜಾರುತ್ತದೆ. ಕಾಲುವೆ ಎಷ್ಟು ಆಳ ಇದೆ ಎಂದು ಅಳೆಯಲು ಪೇಟೆಯಲ್ಲಿ ಒಂದು ಉಪಕರಣ ಸಿಗುತ್ತದೆ. ನಮಗೆ ತೆಂಗಿನ ಪೊರಕೆಯ ಕಡ್ಡಿ ಸಾಕು.

ಮೂರು ಕಡ್ಡಿ ತೆಗೆದುಕೊಳ್ಳಿ. ಒಂದನ್ನು ಟೈರಿನ ಹೊರಗಡೆಯ ಕಾಲುವೆಗೆ ನೆಟ್ಟಗೆ ಇಳಿಸಿ. ಎಲ್ಲಿಯವರೆಗೆ ಇಳಿಯಿತೋ ಅಲ್ಲಿ ಉಗುರಿನಿಂದ ಗುರುತು ಮಾಡಿ ಮುರಿಯಿರಿ. ಇನ್ನೊಂದನ್ನು ನಡುವಿನ ಕಾಲುವೆಗೆ ಇಳಿಸಿ ಹಾಗೆಯೇ ಮಾಡಿ. ಮೂರನೆಯದು ಒಳಗಡೆಯ ಕಾಲುವೆಗೆ. ಮೂರು ತುಂಡನ್ನೂ ಅಂಗೈ ಮೇಲೆ ಸಾಲಾಗಿ ಇಟ್ಟು ನೋಡಿ. ಮೂರೂ ಸಮ ಇದ್ದರೆ ಟೈರು ಸಮವಾಗಿ ಸವೆಯುತ್ತಿದೆ. ಹೊಸ ಕಾರು ಟೈರಿನಲ್ಲಿ ತುಂಡು 7–8 ಮಿಲಿಮೀಟರ್ ಬರುತ್ತದೆ. ಕಾರಿನ ಟೈರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ಕಾನೂನೇ ಇದೆ.

ಅಷ್ಟು ಸಣ್ಣ ಅಳತೆ ಕಣ್ಣಿಗೆ ಸಿಗದಿದ್ದರೆ ಚಿಂತೆ ಇಲ್ಲ. ಟೈರು ಮಾಡುವವರೇ ಗುರುತು ಇಟ್ಟಿದ್ದಾರೆ. ಕಾಲುವೆಯೊಳಗೆ ಅಲ್ಲಲ್ಲಿ ಹೊಲದ ಬದುವಿನಂಥ ಸಣ್ಣ ರಬ್ಬರ್ ದಿಣ್ಣೆ ಇದೆ. ಟೈರಿನ ಪಕ್ಕೆಯ ಮೇಲೆ ಆ ದಿಣ್ಣೆಯ ನೇರಕ್ಕೆ ಸಣ್ಣ ತ್ರಿಕೋನ, ಇಲ್ಲವೇ 'ಟಿ ಡಬ್ಲ್ಯೂ ಐ' ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಬಟನ್ ಸವೆದು ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರು ಬದಲಿಸಬೇಕು. ಆದರೆ ಒಂದು ಎಚ್ಚರ. ಈ ದಿಣ್ಣೆ ದೊಡ್ಡ ಕಾಲುವೆಗಳಲ್ಲಿ ಮಾತ್ರ ಇರುತ್ತದೆ. ಟೈರಿನ ತೀರಾ ಒಳ ಅಂಚಿನಲ್ಲಿ ಇರುವುದಿಲ್ಲ. ನಡುವೆ ದಿಣ್ಣೆಗೆ ಇನ್ನೂ ದೂರ ಇದೆ ಎಂದು ನಂಬಿದರೆ, ಅಂಚಿನಲ್ಲಿ ತಂತಿ ಬಂದಿರುತ್ತದೆ. ಆ ತಾಯಿಯ ಮನೆಯಲ್ಲಿ ಆದದ್ದು ಅದೇ.

ಕಡ್ಡಿಯ ನಂತರ ಕೈ. ಬರಿಗೈ ಬೇಡ, ತಂತಿ ಬೆರಳು ಸೀಳುತ್ತದೆ. ತೆಳು ಬಟ್ಟೆ ಸುತ್ತಿಕೊಂಡು ಟೈರಿನ ಮೇಲೆ ಹೊರಗಡೆಯಿಂದ ಒಳಗಡೆಗೆ ಸವರಿ. ಆಮೇಲೆ ಒಳಗಡೆಯಿಂದ ಹೊರಗಡೆಗೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಈಳಿಗೆಮಣೆಯ ತುರಿಯುವ ಹಲ್ಲಿನ ಹಾಗೆ ತರಚಿದರೆ ಅದನ್ನು ನೆನಪಿಡಿ. ಆ ಮಾತಿಗೆ ಮುಂದೆ ಬರುತ್ತೇವೆ.

ಸವೆತ ಹೇಳುವ ಮಾತು

ಎರಡು ಅಂಚೂ ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು ಹೊಡೆಸಿದ್ದಾರೆ. ಎಷ್ಟು ಗಾಳಿ ಬೇಕು ಎಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಬಾಗಿಲು ತೆರೆದು ಓದಿ. ಅಂಕಿ ಓದಲು ಬಂದರೆ ಸಾಕು. ಟೈರಿನ ಮೇಲೆ ಅಲ್ಲಲ್ಲಿ ರುಬ್ಬುವ ಕಲ್ಲಿನ ಹಾಗೆ ಗುಳಿ ಬಿದ್ದಿದ್ದರೆ ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಸತ್ತಿರುತ್ತದೆ. ಚಕ್ರ ಕುಣಿಯುತ್ತಾ ಓಡುತ್ತದೆ, ಬಿದ್ದ ಕಡೆಯೆಲ್ಲ ಗುಳಿ ಮಾಡಿಕೊಳ್ಳುತ್ತದೆ.

ಇವೆಲ್ಲ ಸುಲಭ. ಕಷ್ಟದ್ದು ಒಂದೇ ಅಂಚಿನ ಸವೆತ. ತಗ್ಗಿಸಿದ ಕಾರಿನ ರೋಗ ಅದು. ಸ್ವಲ್ಪ ನಿಧಾನವಾಗಿ ತಿಳಿಯೋಣ.

ನಿಮ್ಮ ಮನೆಯ ಬಾಗಿಲು ನೆನೆಸಿಕೊಳ್ಳಿ. ಚೌಕಟ್ಟು ನೆಟ್ಟಗಿದ್ದರೆ ಬಾಗಿಲನ್ನು ಎಷ್ಟು ತೆರೆದರೂ ಅದು ನೆಟ್ಟಗೇ ಇರುತ್ತದೆ. ಹಳೆಯ ಮನೆಯಲ್ಲಿ ಚೌಕಟ್ಟು ವಾಲಿರುತ್ತದೆ. ಆಗ ಬಾಗಿಲು ತೆರೆಯುತ್ತಾ ಹೋದಂತೆ ಅದೂ ವಾಲುತ್ತದೆ, ಮೂಲೆ ನೆಲಕ್ಕೆ ಉಜ್ಜುತ್ತದೆ.

ಇಂಡಿಕಾದಂಥ ಕಾರಿನಲ್ಲಿ ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಕಬ್ಬಿಣದ ತೋಳು ಇದೆ. ತೋಳಿನ ಒಂದು ತುದಿಯನ್ನು ಕಾರಿನ ಅಡಿಗೆ ಕೀಲು ಹಾಕಿ ಕೂರಿಸಿದ್ದಾರೆ. ಇನ್ನೊಂದು ತುದಿಯಲ್ಲಿ ಚಕ್ರ. ತೋಳಿನ ಮೇಲೆ ಸ್ಪ್ರಿಂಗು. ಆ ಕೀಲು ಕಾರಿಗೆ ನೇರ ಅಡ್ಡಲಾಗಿ ಇಲ್ಲ, ಸ್ವಲ್ಪ ಓರೆ. ಬೇಕೆಂದೇ ಹಾಗೆ ಮಾಡಿದ್ದಾರೆ. ತಿರುವಿನಲ್ಲಿ ಕಾರು ವಾಲಿದಾಗ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯಲಿ ಎಂದು. ಕಂಪನಿ ಇಟ್ಟ ಎತ್ತರದಲ್ಲಿ ಚಕ್ರ ಹತ್ತಿರ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ಕಾರಿನ ಮೈ ಕೆಳಗೆ ಇಳಿದರೆ? ತೋಳು ಮೇಲಕ್ಕೆ ಏಳುತ್ತದೆ. ಕೀಲು ಓರೆ ಇರುವುದರಿಂದ ಚಕ್ರದ ತಲೆ ಒಳಗೆ ವಾಲುತ್ತದೆ. ಎರಡೂ ಚಕ್ರ ಸೇರಿ, ಕೆಳಗೆ ಅಗಲ, ಮೇಲೆ ಕಿರಿದು. ಹಳೇ ಕಾಲದ ಮುಕ್ಕಾಲು ಪೀಠದ ಕಾಲುಗಳ ಹಾಗೆ. ಈಗ ಭಾರವೆಲ್ಲ ಟೈರಿನ ಒಳ ಅಂಚಿನ ಮೇಲೆ. ಈ ವಾಲುವಿಕೆಗೆ ಮೆಕ್ಯಾನಿಕ್ಕುಗಳು ಕ್ಯಾಂಬರ್ ಅನ್ನುತ್ತಾರೆ.

ವಾಲಿದೆಯೇ ಇಲ್ಲವೇ ಎಂದು ನಾವೇ ನೋಡಬಹುದು. ಕಾರಿನ ಹಿಂದೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ. ಕಣ್ಣಿಗೆ ಗೊತ್ತಾಗದಿದ್ದರೆ ಒಂದು ದಾರಕ್ಕೆ ಕಲ್ಲು ಕಟ್ಟಿ ಚಕ್ರದ ಮೇಲಿನ ಮಡ್‌ಗಾರ್ಡಿನಿಂದ ತೂಗಬಿಡಿ. ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಇದು ಹೇಳಿಕೊಡಬೇಕಾಗಿಲ್ಲ, ಗೋಡೆಯ ನೇರ ನೋಡುವ ವಿದ್ಯೆಯೇ. ದಾರ ಟೈರಿಗೆ ತಾಗಬಾರದು. ದಾರದಿಂದ ರಿಮ್ಮಿನ ಮೇಲಿನ ಅಂಚಿಗೆ ಎಷ್ಟು ದೂರ, ಕೆಳಗಿನ ಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. ಮೇಲಿನ ದೂರ ಹೆಚ್ಚಿದ್ದರೆ ಚಕ್ರದ ತಲೆ ಒಳಗೆ ವಾಲಿದೆ. 13 ಇಂಚಿನ ರಿಮ್ಮಿನಲ್ಲಿ ವ್ಯತ್ಯಾಸ 6 ಮಿಲಿಮೀಟರ್ ಬಂದರೆ ಸುಮಾರು 1 ಡಿಗ್ರಿ ವಾಲಿದೆ ಎಂದು ಲೆಕ್ಕ. ಆ ತಾಯಿಯ ಕಾರಿನಲ್ಲಿ ಹತ್ತಿರ ಹತ್ತಿರ 2 ಸೆಂಟಿಮೀಟರ್ ಬಂತು.

ಎಲ್ಲ ದೋಷವನ್ನೂ ಕ್ಯಾಂಬರ್ ಮೇಲೆ ಹೊರಿಸುವವರು ಬಹಳ. ಅದು ಅರ್ಧ ಸತ್ಯ. ಬರೀ ವಾಲಿದ ಚಕ್ರ ಒಂದು ಅಂಚಿನಲ್ಲಿ ಸವೆಯುತ್ತದೆ, ಆದರೆ ನಿಧಾನವಾಗಿ. ಮೂರು ತಿಂಗಳಲ್ಲಿ ತಂತಿ ಕಾಣಬೇಕಾದರೆ ಇನ್ನೊಂದು ಕಳ್ಳ ಇರಬೇಕು. ಅದರ ಹೆಸರು ಟೋ. ಇಂಗ್ಲಿಷಿನಲ್ಲಿ ಕಾಲ್ಬೆರಳು ಎಂದು ಅರ್ಥ. ನಾವು ನಡೆಯುವಾಗ ಎರಡು ಪಾದದ ಬೆರಳೂ ಮುಂದಕ್ಕೆ ನೋಡಬೇಕು. ಒಂದು ಒಳಮುಖ, ಒಂದು ಹೊರಮುಖ ಆದರೆ ನಡಿಗೆ ಕೆಡುತ್ತದೆ. ಚಕ್ರವೂ ಹಾಗೆ. ಎರಡು ಎತ್ತು ಒಂದೊಂದು ಕಡೆಗೆ ಎಳೆಯುತ್ತವೆ ಅಂದುಕೊಳ್ಳಿ. ನೊಗ ಬಿಡುವುದಿಲ್ಲ, ಗಾಡಿ ನೇರವೇ ಹೋಗುತ್ತದೆ. ಆದರೆ ಎತ್ತಿನ ಹೆಗಲು ತರಚಿ ಹೋಗುತ್ತದೆ. ಇಲ್ಲಿ ತರಚುವುದು ಟೈರು.

ಲೆಕ್ಕ ನೋಡಿ. ಒಂದು ಚಕ್ರ 1 ಡಿಗ್ರಿ ಓರೆಯಾಗಿ ನೋಡುತ್ತಿದ್ದರೆ, ಕಾರು 1 ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಟೈರು ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿಸಿಕೊಂಡಿರುತ್ತದೆ. ಮೂರು ಸೀರೆ ಉದ್ದ! ಪ್ರತಿ ಕಿಲೋಮೀಟರಿಗೂ. ಡಾಂಬರು ಅಂದರೆ ಉಪ್ಪುಕಾಗದ ಇದ್ದ ಹಾಗೆ. ಕೈ ಸವರಿದಾಗ ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ತುರಿಯುವ ಹಲ್ಲು ಸಿಕ್ಕಿತಲ್ಲ, ಅದು ಈ ಉಜ್ಜುವಿಕೆಯ ಗುರುತು.

ಬಟ್ಟೆ ಒಗೆಯುವಾಗ ಕಾಲರನ್ನು ಕಲ್ಲಿನ ಮೇಲೆ ಬರೀ ಒತ್ತಿ ಹಿಡಿದರೆ ಅದು ಹರಿಯುವುದಿಲ್ಲ. ಒತ್ತಿ ಉಜ್ಜಿದರೆ ಹರಿಯುತ್ತದೆ. ಕ್ಯಾಂಬರ್ ಒತ್ತುತ್ತದೆ. ಟೋ ಉಜ್ಜುತ್ತದೆ. ತಗ್ಗಿಸಿದಾಗ ಓರೆ ಕೀಲಿನಿಂದಾಗಿ ಎರಡೂ ಒಟ್ಟಿಗೆ ಬದಲಾಗುತ್ತವೆ.

ಎಲ್ಲ ಕಾರಿಗೂ ಹೀಗೆ ಆಗುವುದಿಲ್ಲ. ಅಂಬಾಸಿಡರ್, ಬೊಲೆರೊ ಇವುಗಳಲ್ಲಿ ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಅಚ್ಚು ಇದೆ, ಎತ್ತಿನ ಗಾಡಿಗೆ ಇರುವ ಹಾಗೆ. ಗಾಡಿಯ ಮೈ ಇಳಿದರೂ ಚಕ್ರ ವಾಲುವುದಿಲ್ಲ. ಅಂಥ ಗಾಡಿಯಲ್ಲಿ ಹಿಂದಿನ ಟೈರು ಒಂದೇ ಕಡೆ ಸವೆದರೆ ಅಚ್ಚು ಬಗ್ಗಿದೆಯೇ, ಚಕ್ರದ ಬೇರಿಂಗು ಸಡಿಲವಾಗಿದೆಯೇ ಎಂದು ನೋಡಿಸಬೇಕು. ಸ್ವಿಫ್ಟಿನಂಥ ಕಾರುಗಳಲ್ಲಿ ಎರಡು ಚಕ್ರದ ನಡುವೆ ಸ್ವಲ್ಪ ತಿರುಚಿಕೊಳ್ಳುವ ಒಂದು ತೊಲೆ ಇದೆ. ಅಲ್ಲೂ ತಗ್ಗಿಸಿದ್ದರಿಂದ ಆಗುವ ವಾಲು ಕಡಿಮೆ.

ಒಂದು ಕಡೆಯೋ, ಎರಡು ಕಡೆಯೋ

ಎಡ ಬಲ ಎರಡೂ ಟೈರು ಒಂದೇ ಸಮ ಒಳಗೆ ಸವೆದಿದ್ದರೆ ಅನುಮಾನ ಕಾರಿನ ಎತ್ತರದ ಮೇಲೆ. ಸ್ಪ್ರಿಂಗ್ ಕತ್ತರಿಸಿರಬೇಕು, ಇಲ್ಲವೇ ಹೊರೆಗೆ ಸೋತಿರಬೇಕು. ಒಂದೇ ಟೈರು ಸವೆದಿದ್ದರೆ ಆ ಚಕ್ರದ್ದೇ ತೊಂದರೆ. ತೋಳು ಬಗ್ಗಿರಬಹುದು. ಕೀಲಿನ ರಬ್ಬರ್ ಬುಷ್ ಸವೆದಿರಬಹುದು. ಆ ಕಡೆಯ ಸ್ಪ್ರಿಂಗ್ ಮುರಿದಿರಬಹುದು. ಆಗ ಓಡಿಸಿದವನನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಯಾವ ಗುಂಡಿಗೆ ಇಳಿಸಿದೆ?" ಬೈದು ಕೇಳಿದರೆ ಹೇಳುವುದಿಲ್ಲ. ಊಟಕ್ಕೆ ಇಕ್ಕಿ ಕೇಳಿ.

ಸ್ಪ್ರಿಂಗ್ ಕತ್ತರಿಸದ ಕಾರೂ ತಗ್ಗುತ್ತದೆ. ಐದು ಜನ ಕೂರುವ ಕಾರಿನಲ್ಲಿ ಒಂಬತ್ತು ಜನ, ಮೇಲೆ ಮೂಟೆ. ವರ್ಷಗಟ್ಟಲೆ ಹೀಗೆ ಓಡಿದರೆ ಸ್ಪ್ರಿಂಗ್ ಸೋಲುತ್ತದೆ. ಜನ ಇಳಿದ ಮೇಲೂ ಕಾರು ಎದ್ದು ನಿಲ್ಲುವುದಿಲ್ಲ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಗೇಣು, ಎಷ್ಟು ಬೆರಳು ಎಂದು ಎಡಗಡೆ ಅಳೆಯಿರಿ, ಬಲಗಡೆ ಅಳೆಯಿರಿ, ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಮತ್ತೆ ಅಳೆದರೆ ಇಳಿದಿದೆಯೋ ಇಲ್ಲವೋ ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ.

ಕತ್ತರಿಸಿದ ಸ್ಪ್ರಿಂಗಿನ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಗ್ಯಾಸ್ ಬೆಂಕಿಯಿಂದ ಕತ್ತರಿಸಿದರೆ ಉಕ್ಕಿನ ಹದ ಕೆಡುತ್ತದೆ. ಕುಡುಗೋಲನ್ನು ಒಲೆಗೆ ಹಾಕಿದರೆ ಹದ ಹೋಗುವ ಹಾಗೆ. ತುದಿ ಕತ್ತರಿಸಿದ ಸ್ಪ್ರಿಂಗ್ ತನ್ನ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಹಳ್ಳಕ್ಕೆ ಇಳಿದು ಚಕ್ರ ಜೋತಾಡಿದಾಗ ಜಾರಿಬಿಡಬಹುದು. ಕಂಪನಿ ಮಾಡಿದ ಗಾಡಿಯನ್ನು ದಾಖಲೆಗೆ ಹೊಂದದ ಹಾಗೆ ಮಾರ್ಪಾಡು ಮಾಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅಪಘಾತ ಆದರೆ ವಿಮೆಯವರೂ ಪ್ರಶ್ನೆ ಎತ್ತಬಹುದು. ಇಷ್ಟೆಲ್ಲ ಬರೀ ಅಂದಕ್ಕೆ!

ಚೀಟಿ ಕೊಡಿ

ಆ ತಾಯಿ ಮಗನ ಜೊತೆ ಪೇಟೆಗೆ ಹೋದಳು. ವೀಲ್ ಅಲೈನ್‌ಮೆಂಟ್ ಅಂಗಡಿ. ಚಕ್ರ ಎಷ್ಟು ವಾಲಿದೆ, ಎಷ್ಟು ಓರೆಯಾಗಿದೆ ಎಂದು ಅಲ್ಲಿ ಯಂತ್ರದಿಂದ ಅಳೆಯುತ್ತಾರೆ.

ಅಂಗಡಿಯವನು: ಆಯ್ತಮ್ಮ. ಮುಂದಿನ ಚಕ್ರ ಸರಿ ಮಾಡಿದ್ದೀನಿ. ಇನ್ನು ಹೋಗಬಹುದು.

ತಾಯಿ: ಸವೆದಿರೋದು ಹಿಂದಿಂದು ಕಣಪ್ಪ. ಮುಂದಿಂದು ಸರಿ ಮಾಡಿ ನನಗೇನು ಬಂತು?

ಅಂಗಡಿಯವನು: ಹಿಂದಿಂದು ಯಾರೂ ಕೇಳಲ್ಲಮ್ಮ.

ತಾಯಿ: ನಾನು ಕೇಳ್ತಾ ಇದ್ದೀನಲ್ಲ. ನಾಲ್ಕೂ ಚಕ್ರ ಅಳಿ. ಅಳೆದ ಚೀಟಿ ಕೊಡು.

ಚೀಟಿ ಬಂತು. ಅಕ್ಷರವೆಲ್ಲ ಇಂಗ್ಲಿಷು. ಆದರೆ ಅಂಕಿ ಅಂಕಿಯೇ. ಎಡಗಡೆ 3.0, ಬಲಗಡೆ 2.8. ಎರಡರ ಮುಂದೆಯೂ ಕಳೆಯುವ ಗೆರೆ ಇತ್ತು.

ತಾಯಿ: ಈ ಕಳೆಯೋ ಗೆರೆ ಯಾಕಪ್ಪ ಇಲ್ಲಿ?

ಅಂಗಡಿಯವನು: ಚಕ್ರದ ತಲೆ ಒಳಗೆ ವಾಲಿದೆ ಅಂತ ಅರ್ಥ ಅಮ್ಮ. ಕಾರು ಇಳಿಸಿಬಿಟ್ಟಿದ್ದೀರಿ. ಇದನ್ನ ನಾನು ತಿರುಗಿಸಿ ಸರಿ ಮಾಡಕ್ಕಾಗಲ್ಲ. ಮೊದಲು ಕಂಪನಿ ಸ್ಪ್ರಿಂಗ್ ಹಾಕಿಸಿ.

ತಾಯಿ ಮಗನ ಮುಖ ನೋಡಿದಳು. ಮಗ ರಸ್ತೆ ನೋಡಿದ.

ಅಂಗಡಿಯವನ ಮಾತು ನಿಜ. ಎಷ್ಟೋ ಕಾರುಗಳಲ್ಲಿ ಹಿಂದಿನ ಚಕ್ರದ ವಾಲು ಸರಿಪಡಿಸಲು ತಿರುಪೇ ಇರುವುದಿಲ್ಲ. ಎತ್ತರ ಸರಿಯಾದರೆ ವಾಲು ತಾನಾಗಿ ಸರಿಯಾಗುತ್ತದೆ. ಆಮೇಲೂ ಸರಿಯಾಗದಿದ್ದರೆ ತೋಳು, ಬುಷ್ ನೋಡಬೇಕು. ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಸ್ಪ್ರಿಂಗ್, ಎಡ ಬಲ ಎರಡೂ ಜೋಡಿಯಾಗಿ. ಆಮೇಲೆ ಬುಷ್. ಆಮೇಲೆ ನಾಲ್ಕು ಚಕ್ರದ ಅಳತೆ. ಕೊನೆಗೆ ಹೊಸ ಟೈರು. ನಮ್ಮವರು ಮಾಡುವುದು ತಿರುಗಾಮುರುಗಾ. ಮೊದಲು ಟೈರು ಕೊಳ್ಳುತ್ತಾರೆ. ತಂತಿ ಕಂಡ ಟೈರಿನಲ್ಲೇ ಪೇಟೆಯವರೆಗೆ ಓಡಿಸಬೇಡಿ. ಒಳ್ಳೆಯ ಸ್ಟೆಪ್ನಿ ಅಥವಾ ಬೇರೆಯವರಿಂದ ಕೇಳಿ ತಂದ ಟೈರು ಹಾಕಿ ನಿಧಾನವಾಗಿ ಹೋಗಿ.

ಕೆಲವರು ಹಿಂದಿನ ಟೈರನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಬದಲಿಸುತ್ತಾರೆ. ಟೈರು ಚೆನ್ನಾಗಿರುವಾಗ ಇದು ಒಳ್ಳೆಯ ಅಭ್ಯಾಸ. ಆದರೆ ರೋಗ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ಎರಡರ ಬದಲು ನಾಲ್ಕು ಟೈರು ಹಾಳಾಗುತ್ತವೆ. ಹಳೆಯ ಟೈರು ಕೊಳ್ಳುವವರಿಗೂ ಇದೇ ಎಚ್ಚರ. ಅಂಗಡಿಯಲ್ಲಿ ಚೆನ್ನಾಗಿರುವ ಮಗ್ಗುಲನ್ನೇ ಎದುರಿಗೆ ಇಟ್ಟಿರುತ್ತಾರೆ. ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಕಡ್ಡಿ ಜೊತೆಗೆ ಒಯ್ಯಿರಿ. ನಕ್ಕರೆ ನಗಲಿ.

ದುಡ್ಡಿನ ಲೆಕ್ಕ

ಎರಡು ಟೈರಿಗೆ 8,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸರಿಯಾದ ಕಾರಿನಲ್ಲಿ ಅವು 40,000 ಕಿಲೋಮೀಟರ್ ಬಂದವು ಅನ್ನೋಣ. ಒಂದು ಕಿಲೋಮೀಟರಿಗೆ 20 ಪೈಸೆ ಬಿತ್ತು. ತಗ್ಗಿಸಿದ ಕಾರಿನಲ್ಲಿ 10,000 ಕಿಲೋಮೀಟರಿಗೇ ಹೋದವು. ಆಗ ಒಂದು ಕಿಲೋಮೀಟರಿಗೆ 80 ಪೈಸೆ. ವ್ಯತ್ಯಾಸ 60 ಪೈಸೆ. ಪೈಸೆಗೆ ಈಗ ಬೆಲೆ ಇಲ್ಲ ಅನ್ನುತ್ತೀರಿ. ದಿನಕ್ಕೆ 150 ಕಿಲೋಮೀಟರ್ ಓಡಿದರೆ 90 ರೂಪಾಯಿ. ತಿಂಗಳಲ್ಲಿ 25 ದಿನ ಓಡಿದರೆ 2,250 ರೂಪಾಯಿ. ಸಂಘದ ಕಂತು ಕಟ್ಟಿ ಮಿಗುವಷ್ಟು ದುಡ್ಡು ಡಾಂಬರಿಗೆ ಸವೆದು ಹೋಗುತ್ತಿತ್ತು.

ಟೈರಿನ ಪಕ್ಕೆ ಓದಿ

ಟೈರಿನ ಪಕ್ಕೆಯ ಮೇಲೆ ಉಬ್ಬಿದ ಅಂಕಿಗಳಿವೆ. 165/65 ಆಮೇಲೆ 13 ಎಂದು ಇದೆ ಅನ್ನಿ. ಟೈರಿನ ಅಗಲ 165 ಮಿಲಿಮೀಟರ್. ಅದರ ಎತ್ತರ ಅಗಲದ ನೂರರಲ್ಲಿ 65 ಪಾಲು. ರಿಮ್ಮು 13 ಇಂಚು. ನಿಮ್ಮ ಕಾರಿಗೆ ಯಾವುದು ಬೇಕೋ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಇನ್ನೊಂದು ಕಡೆ ಸಣ್ಣ ಚೌಕದೊಳಗೆ ನಾಲ್ಕು ಅಂಕಿ ಇರುತ್ತವೆ. ಅದು ಟೈರು ಹುಟ್ಟಿದ ದಿನ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ. 2321 ಎಂದು ಇದ್ದರೆ 2021ನೇ ಇಸವಿಯ 23ನೇ ವಾರ. ಅಂದರೆ ಜೂನ್ ತಿಂಗಳು. ಟೈರು ಓಡದೆ ಅಂಗಡಿಯಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಟ್ಟಿಯಾಗಿ ಬಿರುಕು ಬಿಡುತ್ತದೆ. 'ಹೊಸದು' ಎಂದು ಹೇಳಿ ಹಳೆಯದು ಕೊಡುತ್ತಿದ್ದಾರೆಯೇ ಎಂದು ಈ ನಾಲ್ಕು ಅಂಕಿ ಹೇಳುತ್ತವೆ. ಕೆಲವು ಟೈರಿನಲ್ಲಿ ಈ ಅಂಕಿ ಒಂದು ಪಕ್ಕೆಯ ಮೇಲೆ ಮಾತ್ರ ಇರುತ್ತದೆ. ಹೊರಗಡೆ ಕಾಣದಿದ್ದರೆ ಒಳಗಡೆ ಹುಡುಕಿ.

ಹೊಸ ಟೈರು ಹಾಕಿಸಿ 1,000 ಕಿಲೋಮೀಟರ್ ಆದ ಮೇಲೆ ಮತ್ತೆ ಮೂರು ಕಡ್ಡಿ ಇಳಿಸಿ ನೋಡಿ. ಒಳಗಡೆಯ ತುಂಡು ಮಾತ್ರ ಗಿಡ್ಡವಾಗಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಅಳತೆಯ ಚೀಟಿ ತೆಗೆದುಕೊಂಡು ಅದೇ ಅಂಗಡಿಗೆ ಹೋಗಿ.

ನೀವೇ ಮಾಡಿ

ಒಂದು ಟೈರಿನ ಮೇಲೆ 3519 ಎಂದು ಇದೆ. ಅದು ಯಾವ ಇಸವಿಯ ಎಷ್ಟನೇ ವಾರ ಹುಟ್ಟಿತು?

ಹಿಂದಿನ ಬಲಗಡೆ ಟೈರು ಮಾತ್ರ ಒಳಗೆ ಸವೆದಿದೆ. ಎಡಗಡೆಯದು ಚೆನ್ನಾಗಿದೆ. ಅಂಗಡಿಯವರು "ಎರಡೂ ಸ್ಪ್ರಿಂಗ್ ಹಾಕಿಸಿ ಸಾಕು" ಅನ್ನುತ್ತಾರೆ. ನೀವು ಇನ್ನೂ ಏನೇನು ನೋಡಿಸುತ್ತೀರಿ?

ಎರಡು ಟೈರಿಗೆ 9,000 ರೂಪಾಯಿ. 15,000 ಕಿಲೋಮೀಟರ್ ಓಡಿದವು. ಒಂದು ಕಿಲೋಮೀಟರಿಗೆ ಎಷ್ಟು ಪೈಸೆ ಬಿತ್ತು?